ಕಡಲಿಗೆ ಹೋಗುವ ದಾರಿ ಯಾರದು?

(ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕಡಲತೀರದ ನವಸಾಕ್ಷರರಿಗೆ ಓದುವ ಪಾಠ)

ನಿಮ್ಮ ಮನೆಯಿಂದ ಕಡಲಿಗೆ ಹೇಗೆ ಹೋಗ್ತೀರಿ? ಓದುವುದನ್ನು ಸ್ವಲ್ಪ ನಿಲ್ಲಿಸಿ. ಆ ದಾರಿಯನ್ನು ನೆನಪು ಮಾಡ್ಕೊಳ್ಳಿ.

ಮನೆಯ ಅಂಗಳ ದಾಟಿದರೆ ಒಂದು ಓಣಿ. ಓಣಿಯ ಎರಡೂ ಕಡೆ ಪಾಗಾರ. ಮುಂದೆ ಯಾರದೋ ತೆಂಗಿನ ತೋಟ. ತೋಟದ ಬೇಲಿಗೆ ಒಂದು ತಡಮೆ. ತಡಮೆ ದಾಟಿದರೆ ಗಾಳಿಮರ. ಗಾಳಿಮರ ದಾಟಿದರೆ ಹೊಯಿಗೆ. ಆಮೇಲೆ ಕಡಲು.

ಮಂಜೇಶ್ವರ, ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್ ಕಡೆಯ ಹೆಚ್ಚಿನ ದಾರಿ ಹೀಗೇ ಇದೆ. ಅಜ್ಜನ ಕಾಲದಿಂದ ಜನ ನಡೆದಿದ್ದಾರೆ. ಬಲೆ ಹೊತ್ತು ನಡೆದಿದ್ದಾರೆ. ಮೀನಿನ ಬುಟ್ಟಿ ಹೊತ್ತು ನಡೆದಿದ್ದಾರೆ. ಸತ್ತವರ ಬೂದಿ ಬಿಡಲಿಕ್ಕೆ, ಅಮಾವಾಸ್ಯೆಗೆ ಕಡಲು ಮೀಯಲಿಕ್ಕೆ ಹೋಗಿದ್ದಾರೆ. ಆದರೆ ಈ ದಾರಿ ಎಲ್ಲಿಯಾದರೂ ಬರೆದು ಉಂಟಾ? ಎಷ್ಟು ಅಗಲ ಅಂತ ಉಂಟಾ? ಯಾರ ಹೆಸರಿನಲ್ಲಿ ಉಂಟು?

ಈ ಪಾಠ ಅದರ ಬಗ್ಗೆ.

ದಾರಿ ಒಂದೇ ದಿನಕ್ಕೆ ಮುಚ್ಚುವುದಿಲ್ಲ

ಹೀಗೆ ಇಟ್ಟುಕೊಳ್ಳಿ. ಒಂದು ಊರಿನಲ್ಲಿ ಕಡಲ ಬದಿಯ ತೋಟ ಮಾರಾಟವಾಯಿತು. ಹೊಸ ಯಜಮಾನರು ದೂರದ ಪೇಟೆಯವರು. ಮೊದಲು ಅವರು ತಡಮೆ ತೆಗೆದು ಕಬ್ಬಿಣದ ಗೇಟು ಹಾಕಿದರು. "ದನ ಬರ್ತದೆ, ಅದಕ್ಕೆ" ಅಂದರು. ಗೇಟಿಗೆ ಬೀಗ ಇರಲಿಲ್ಲ. ಯಾರೂ ಏನೂ ಹೇಳಲಿಲ್ಲ. ಆರು ತಿಂಗಳು ಬಿಟ್ಟು ರಾತ್ರಿ ಮಾತ್ರ ಬೀಗ ಬಿತ್ತು. "ಕುಡಿಯುವವರು ಬಂದು ಬಾಟಲಿ ಒಡೀತಾರೆ" ಅಂದರು. ಅದೂ ಸುಳ್ಳಲ್ಲ. ಆಗಲೂ ಯಾರೂ ಮಾತಾಡಲಿಲ್ಲ. ಮತ್ತೊಂದು ಮಳೆಗಾಲ ಕಳೆಯಿತು. ಈಗ ಹಗಲೂ ಬೀಗ. ಗೇಟಿನ ಮೇಲೆ ಬೋರ್ಡು: "ಖಾಸಗಿ ಜಾಗ. ಪ್ರವೇಶವಿಲ್ಲ."

ಬುಟ್ಟಿ ಹೊತ್ತ ಹೆಂಗಸಿಗೆ ಈಗ ಸುತ್ತು ಬಳಸಿ ಹೋಗಬೇಕು. ಮೊದಲು ಐದು ನಿಮಿಷ ಸಾಕಿತ್ತು. ಈಗ ಅರ್ಧ ಗಂಟೆ ಬೇಕು. ಅಷ್ಟರಲ್ಲಿ ದೋಣಿ ಬಂದಾಯಿತು, ಒಳ್ಳೆಯ ಮೀನು ಗಾಡಿಗೆ ಏರಿ ಆಯಿತು. ಅವಳಿಗೆ ಸಿಗುವುದು ಉಳಿದದ್ದು.

ಸಣ್ಣ ದಾರಿಯ ಬೆಲೆ ಅಷ್ಟು. ಅದು ದಿನದ ಸಂಪಾದನೆಯ ಲೆಕ್ಕ.

ಇನ್ನೊಂದು ಲೆಕ್ಕವೂ ಇದೆ. 2004ರ ಡಿಸೆಂಬರ್ 26ರಂದು ಸುನಾಮಿ ಬಂತು. ಕೇರಳದ ತೆಂಕು ಭಾಗದಲ್ಲಿ ನೂರಕ್ಕೂ ಹೆಚ್ಚು ಜನ ಹೋದರು. ನಮ್ಮ ಕಡೆ ಈಗ ಹೆಚ್ಚು ಕೇಳುವ ಮಾತು "ಕಳ್ಳಕಡಲು". ಗಾಳಿ ಇರುವುದಿಲ್ಲ, ಮಳೆ ಇರುವುದಿಲ್ಲ, ಕಡಲು ಕಳ್ಳನ ಹಾಗೆ ಮೇಲೆ ಬರುತ್ತದೆ. ದೂರದ ಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಮೈಲಿ ಸಾಗಿ ಬಂದು ಇಲ್ಲಿ ನುಗ್ಗುತ್ತವೆ. ಹೈದರಾಬಾದಿನ ಇನ್‌ಕಾಯಿಸ್ ಎಂಬ ಕೇಂದ್ರ ಮುಂಚಿತವಾಗಿ ಎಚ್ಚರಿಕೆ ಕೊಡುತ್ತದೆ. ಎಚ್ಚರಿಕೆ ಬಂತು, ಸರಿ. ಮುದುಕರನ್ನು, ಮಕ್ಕಳನ್ನು ಕರಕೊಂಡು ಓಡುವುದು ಯಾವ ದಾರಿಯಲ್ಲಿ? ಬೀಗ ಹಾಕಿದ ಗೇಟಿನಲ್ಲಾ?

ದಾರಿ ಮೂರು ಥರ

ಜಗಳಕ್ಕೆ ಹೋಗುವ ಮೊದಲು ನಮ್ಮ ದಾರಿ ಯಾವ ಥರದ್ದು ಅಂತ ತಿಳಿಯಬೇಕು. ಇದು ತಿಳಿಯದೆ ಎಷ್ಟೋ ಮಂದಿ ಮಾತಿನಲ್ಲೇ ಸೋಲುತ್ತಾರೆ.

ಒಂದು, ಸರಕಾರದ ಅಥವಾ ಪಂಚಾಯತಿನ ದಾರಿ. ಇದು ಪುರಂಬೋಕು ಜಾಗದಲ್ಲಿರಬಹುದು. ಅಥವಾ ಹಿಂದೆ ಯಾರೋ ಜಾಗ ಬಿಟ್ಟುಕೊಟ್ಟು ಪಂಚಾಯತಿನ ಆಸ್ತಿ ರಿಜಿಸ್ಟರಿನಲ್ಲಿ ಸೇರಿರಬಹುದು. ಕೇರಳ ಪಂಚಾಯತು ರಾಜ್ ಕಾಯಿದೆ 1994ರಲ್ಲಿ ಬಂತು. ಅದರಲ್ಲಿ "ಸಾರ್ವಜನಿಕ ರಸ್ತೆ" ಅಂದರೆ ಡಾಮರು ರಸ್ತೆ ಮಾತ್ರ ಅಲ್ಲ. ಜನರಿಗೆ ನಡೆಯುವ ಹಕ್ಕಿರುವ ಓಣಿ, ಗಾಡಿದಾರಿ, ಕಾಲುದಾರಿ ಕೂಡ ಅದರಲ್ಲಿ ಸೇರುತ್ತದೆ. ಇಂಥ ದಾರಿಗೆ ಯಾರೂ ಬೀಗ ಹಾಕುವ ಹಾಗಿಲ್ಲ.

ಎರಡು, ಖಾಸಗಿ ಜಾಗದಲ್ಲಿ ಹೋಗುವ ಹಳೆಯ ದಾರಿ. ಜಾಗ ಒಬ್ಬರದು, ನಡೆಯುವ ಹಕ್ಕು ಇನ್ನೊಬ್ಬರದು. ಇದಕ್ಕೆ 1882ರ ಕಾಯಿದೆ ಇದೆ. ಅದರ ಹೆಸರು ಈಸ್‌ಮೆಂಟ್ ಕಾಯಿದೆ. ಈಸ್‌ಮೆಂಟ್ ಅಂದರೆ ಇನ್ನೊಬ್ಬರ ಜಾಗದಲ್ಲಿ ನಮಗಿರುವ ಅನುಭವದ ಹಕ್ಕು. 20 ವರ್ಷ ತಡೆಯಿಲ್ಲದೆ, ಎಲ್ಲರಿಗೂ ಕಾಣುವ ಹಾಗೆ, ಜಗಳವಿಲ್ಲದೆ, "ಇದು ನನ್ನ ಹಕ್ಕು" ಅಂತ ನಡೆದಿದ್ದರೆ ಆ ಹಕ್ಕು ಗಟ್ಟಿಯಾಗುತ್ತದೆ. ಸರಕಾರದ ಜಾಗವಾದರೆ 30 ವರ್ಷ ಬೇಕು. ಒಂದು ಇಡೀ ಊರಿನವರು ರೂಢಿಯಿಂದ ನಡೆದು ಬಂದಿದ್ದರೆ ಅದಕ್ಕೆ "ರೂಢಿಯ ಹಕ್ಕು" ಅಂತ ಬೇರೆಯೇ ಲೆಕ್ಕ ಇದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ದಾರಿ ಮುಚ್ಚಿದ ಮೇಲೆ ಸುಮ್ಮನೆ ಕೂರಬಾರದು. ಈ 20 ವರ್ಷದ ಅನುಭವ ಹೇಳಿ ಕೋರ್ಟಿಗೆ ಹೋಗುವುದಾದರೆ, ಮುಚ್ಚಿದ ಎರಡು ವರ್ಷದ ಒಳಗೆ ಹೋಗಬೇಕು. "ನೋಡುವ, ನೋಡುವ" ಅಂತ ಐದು ವರ್ಷ ಕಳೆದರೆ ಆ ಹಕ್ಕು ಕೈಬಿಟ್ಟು ಹೋಗಬಹುದು.

ಮೂರು, ದಾಕ್ಷಿಣ್ಯದ ದಾರಿ. "ಹೋಗಿ ಮಾರಾಯ್ರೆ, ಅದಕ್ಕೇನು" ಅಂತ ಜಾಗದವರು ಅನುಮತಿ ಕೊಟ್ಟು ಬಿಟ್ಟ ದಾರಿ. ಅನುಮತಿಯಿಂದ ನಡೆದ ದಾರಿಗೆ ಎಷ್ಟು ವರ್ಷವಾದರೂ ಹಕ್ಕು ಬರುವುದಿಲ್ಲ. ಅಲ್ಲಿ ಉಪಾಯ ಒಂದೇ. ಅವರು ಇರುವಾಗಲೇ, ಮನಸ್ಸು ಒಳ್ಳೆಯದಿರುವಾಗಲೇ, ದಾರಿಯ ಜಾಗವನ್ನು ಪಂಚಾಯತಿಗೆ ಬರೆದುಕೊಡಲಿಕ್ಕೆ ಕೇಳಬೇಕು. ಮುಂದಿನ ತಲೆಮಾರಿಗೆ ಆ ದಾಕ್ಷಿಣ್ಯ ಇರುತ್ತದೆ ಅಂತ ಹೇಳಲಿಕ್ಕಾಗದು.

ಹಳೆಯ ಪತ್ರ ತೆಗೆಯಿರಿ

ನೀವು ಈಗ ಓದಲು ಕಲಿತಿದ್ದೀರಿ. ಆ ಕಲಿಕೆ ಇಲ್ಲಿ ಕೆಲಸಕ್ಕೆ ಬರುತ್ತದೆ, ಅದೂ ಕನ್ನಡದ ಓದು.

1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆ ಕಾಲದ ಕ್ರಯಪತ್ರ, ಪಾಲುಪಟ್ಟಿ, ಮೂಲಗೇಣಿ ಚೀಟುಗಳು ಎಷ್ಟೋ ಮನೆಗಳಲ್ಲಿ ಕನ್ನಡದಲ್ಲೇ ಇವೆ. ಪೆಟ್ಟಿಗೆಯ ಅಡಿಯಲ್ಲಿ, ಬಟ್ಟೆಗೆ ಸುತ್ತಿ ಇಟ್ಟಿರುತ್ತಾರೆ. ಈಗಿನ ಮಕ್ಕಳಲ್ಲಿ ಮಲಯಾಳಂ, ಇಂಗ್ಲಿಷ್ ಕಲಿತವರೇ ಜಾಸ್ತಿ. ಅವರಿಗೆ ಆ ಪತ್ರ ಓದಲು ಬರುವುದಿಲ್ಲ. ನಿಮಗೆ ಬರುತ್ತದೆ. ಕೈಬರಹ ಕಷ್ಟ, ಹೌದು. ಅಕ್ಷರ ಕೂಡಿಸಿ ನಿಧಾನಕ್ಕೆ ಓದಿ.

ಪತ್ರದಲ್ಲಿ "ಚಕ್ಕುಬಂದಿ" ಎಂಬ ಭಾಗ ಹುಡುಕಿ. ಚಕ್ಕುಬಂದಿ ಅಂದರೆ ಜಾಗದ ನಾಲ್ಕು ದಿಕ್ಕಿನ ಗಡಿ. ಅದು ಈ ಮಾದರಿಯಲ್ಲಿ ಇರುತ್ತದೆ:

ಪೂರ್ವಕ್ಕೆ: ಗದ್ದೆಯ ಪುಣಿ
ಪಶ್ಚಿಮಕ್ಕೆ: ಸಮುದ್ರದ ಹೊಯಿಗೆ
ಉತ್ತರಕ್ಕೆ: ಸಮುದ್ರಕ್ಕೆ ಹೋಗುವ ಕಾಲುದಾರಿ
ದಕ್ಷಿಣಕ್ಕೆ: ನೆರೆಯವರ ತೆಂಗಿನ ಹಿತ್ತಿಲು

ನೋಡಿದಿರಾ? "ಉತ್ತರಕ್ಕೆ ಸಮುದ್ರಕ್ಕೆ ಹೋಗುವ ಕಾಲುದಾರಿ." ಆ ಪತ್ರ ಬರೆದ ದಿನ ಅಲ್ಲಿ ದಾರಿ ಇತ್ತು ಎನ್ನುವುದಕ್ಕೆ ಇದು ಸಾಕ್ಷಿ. ಪತ್ರ ನಿಮ್ಮದೇ ಆಗಬೇಕು ಅಂತ ಇಲ್ಲ. ನೆರೆಮನೆಯ ಪತ್ರದಲ್ಲಿ ಇದ್ದರೂ ಸಾಕ್ಷಿಯೇ. ಆದ್ದರಿಂದ ದಾರಿಯ ಎರಡೂ ಬದಿಯ ನಾಲ್ಕೈದು ಮನೆಯವರು ಒಂದು ದಿನ ಒಟ್ಟಿಗೆ ಕೂತು ಪತ್ರ ಓದಿದರೆ ಒಳ್ಳೆಯದು. ಮೂಲ ಪತ್ರ ಯಾರ ಕೈಗೂ ಕೊಡಬೇಡಿ. ಝೆರಾಕ್ಸ್ ಮಾಡಿಸಿ ಕೊಡಿ.

ಪತ್ರ ಕಳೆದು ಹೋಗಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಕಲು ಕೇಳಬಹುದು. ಸರ್ವೆ ನಕ್ಷೆ ಬೇಕಾದರೆ ವಿಲೇಜ್ ಆಫೀಸಿನಲ್ಲಿ, ತಾಲೂಕು ಆಫೀಸಿನಲ್ಲಿ ವಿಚಾರಿಸಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿದರೆ 30 ದಿನದಲ್ಲಿ ಉತ್ತರ ಕೊಡಬೇಕು. ಬಡತನ ರೇಖೆಗಿಂತ ಕೆಳಗಿನವರಿಗೆ ಆ ಹತ್ತು ರೂಪಾಯಿಯೂ ಬೇಡ.

ಇನ್ನೊಂದು ವಿಷಯ ಈಗಲೇ ಗಮನಿಸಬೇಕು. 2022ರ ನವೆಂಬರ್‌ನಲ್ಲಿ ಕೇರಳದಲ್ಲಿ ಡಿಜಿಟಲ್ ರೀಸರ್ವೆ ಶುರುವಾಯಿತು. ವಿಲೇಜ್ ವಿಲೇಜ್ ಆಗಿ ಅಳೆಯುತ್ತಿದ್ದಾರೆ. ಸರ್ವೆಯವರಿಗೆ ಗಡಿ ತೋರಿಸುವುದು ಜಾಗದವರು. ದಾರಿಯನ್ನು ತೋರಿಸುವವರು ಯಾರು? ಯಾರೂ ಇಲ್ಲದಿದ್ದರೆ ಹೊಸ ನಕ್ಷೆಯಲ್ಲಿ ದಾರಿಯೇ ಇರುವುದಿಲ್ಲ. ಅಳೆಯುವ ದಿನ ಓಣಿಯ ಬಾಯಿಯಲ್ಲಿ ನಾಲ್ಕು ಮಂದಿ ನಿಲ್ಲಿ. ಅಳತೆ ಮುಗಿದ ಮೇಲೆ ಕರಡು ದಾಖಲೆ ನೋಡಲು, ತಪ್ಪಿದ್ದರೆ ಆಕ್ಷೇಪ ಹೇಳಲು ಸಮಯ ಕೊಡುತ್ತಾರೆ. ಆ ಸಮಯ ಬಿಡಬೇಡಿ.

ಕಡಲತೀರಕ್ಕೆ ಬೇರೆ ಕಾನೂನು

ಕಡಲ ಬದಿಯ ಜಾಗಕ್ಕೆ ಕೇಂದ್ರ ಸರಕಾರದ ಒಂದು ನಿಯಮ ಇದೆ. ಅದನ್ನು ಸಿ.ಆರ್.ಝೆಡ್. ಅನ್ನುತ್ತಾರೆ. ಮೊದಲು ಬಂದದ್ದು 1991ರಲ್ಲಿ. ಮತ್ತೆ 2011ರಲ್ಲಿ, 2019ರಲ್ಲಿ ಬದಲಾಯಿತು. ಕಡಲು ಉಬ್ಬರಕ್ಕೆ ಮೇಲೆ ಬರುವ ಗೆರೆಯಿಂದ 500 ಮೀಟರ್‌ವರೆಗೆ ಈ ನಿಯಮದ ಲೆಕ್ಕ. ಎಲ್ಲಿ ಮನೆ ಕಟ್ಟಬಹುದು, ಎಲ್ಲಿ ಕಟ್ಟಬಾರದು ಎಂಬ ಗಲಾಟೆ ದೊಡ್ಡದು. ಅದು ಈ ಪಾಠಕ್ಕೆ ಬೇಡ.

ನಮಗೆ ಬೇಕಾದ್ದು ಎರಡೇ ಮಾತು. ಕಡಲತೀರದ ರೆಸಾರ್ಟ್, ಹೋಟೆಲುಗಳಿಗೆ ಅದರಲ್ಲಿ ಷರತ್ತು ಹಾಕಿದ್ದಾರೆ. ಬೇಲಿ ಹಾಕಬಹುದು, ಆದರೆ ಆ ಬೇಲಿ ಜನ ಕಡಲಿಗೆ ಹೋಗುವುದನ್ನು ತಡೆಯಬಾರದು. ಎರಡು ರೆಸಾರ್ಟುಗಳ ನಡುವೆ ಜನ ಹೋಗಲಿಕ್ಕೆ ಕನಿಷ್ಠ 20 ಮೀಟರ್ ಅಗಲದ ಜಾಗ ಬಿಡಬೇಕು. ನಿಮ್ಮ ಊರಿಗೆ ರೆಸಾರ್ಟ್ ಬರುತ್ತದೆ ಎಂಬ ಸುದ್ದಿ ಬಂದರೆ ಕಲ್ಲು ಇಳಿಸುವ ಮೊದಲೇ ಪಂಚಾಯತಿನಲ್ಲಿ ಈ ಪ್ರಶ್ನೆ ಕೇಳಿ.

ಗುರುತು ಹಾಕುವುದು ಹೇಗೆ?

ದಾರಿ ಕಾಣಬೇಕು. ಕಾಣದ ದಾರಿ ಬೇಗ ಮುಚ್ಚಿಹೋಗುತ್ತದೆ. ಮಳೆಗಾಲದಲ್ಲಿ ನಾಲ್ಕು ತಿಂಗಳು ಯಾರೂ ನಡೆಯದಿದ್ದರೆ ಮುಳ್ಳು ಬೆಳೆಯುತ್ತದೆ. ಮುಳ್ಳು ಬೆಳೆದರೆ "ಇಲ್ಲಿ ದಾರಿಯೇ ಇರಲಿಲ್ಲ" ಎನ್ನುವುದು ಸುಲಭ. ಆದ್ದರಿಂದ ಮೊದಲ ಗುರುತು ನಮ್ಮ ಕಾಲು. ನಡೆಯುತ್ತಾ ಇರಿ. ಮಳೆ ಬಿಟ್ಟ ಕೂಡಲೇ ಕುಟುಂಬಶ್ರೀಯವರೋ, ಊರಿನ ಸಂಘದವರೋ ಸೇರಿ ಹುಲ್ಲು ಸವರಿ.

ಆಮೇಲೆ ಒಂದು ಕೈನಕ್ಷೆ ಮಾಡಿ. ದೊಡ್ಡ ಕಾಗದ ಸಾಕು. ಮೇಲೆ ಉತ್ತರ ದಿಕ್ಕು ಬರೆಯಿರಿ. ಎಡಕ್ಕೆ ಕಡಲು ಬಿಡಿಸಿ. ರಸ್ತೆ, ಬಾವಿ, ಬನ, ಮಸೀದಿ, ಶಾಲೆ, ದೋಣಿ ಇಡುವ ಜಾಗ ಎಲ್ಲ ಗುರುತಿಸಿ. ದಾರಿ ಎಲ್ಲಿ ಶುರು, ಎಲ್ಲಿ ತಿರುವು, ಎಲ್ಲಿ ಮುಕ್ತಾಯ, ಎಲ್ಲೆಲ್ಲಿ ಎಷ್ಟು ಅಗಲ ಅಂತ ಬರೆಯಿರಿ. ಅಗಲವನ್ನು ಟೇಪಿನಲ್ಲಿ ಅಳೆದು ಮೀಟರಿನಲ್ಲೇ ಬರೆಯಿರಿ. "ಒಂದು ಗಾಡಿ ಹೋಗುವಷ್ಟು" ಅಂದರೆ ಆಫೀಸಿನಲ್ಲಿ ನಡೆಯುವುದಿಲ್ಲ. ಕಡಿಮೆ ಅಂದರೂ ಇಬ್ಬರು ಎದುರುಬದುರು ದಾಟುವಷ್ಟು, ಸ್ಟ್ರೆಚರ್ ಹಿಡಿದು ಹೋಗುವಷ್ಟು ಅಗಲ ಉಳಿಯಬೇಕು. ಊರಿನ ಹಿರಿಯರು ಹೇಳಿದ್ದನ್ನು ನಕ್ಷೆಯ ಹಿಂದೆ ಬರೆದು ಅವರ ಸಹಿ ಹಾಕಿಸಿ. ತಾರೀಕು ಮರೆಯಬೇಡಿ. ಮೊಬೈಲಿನಲ್ಲಿ ಫೋಟೋ ತೆಗೆದರೆ ಅದನ್ನೂ ತಾರೀಕು ಹಾಕಿ ಇಡಿ.

ಗುರುತಿನ ಕಲ್ಲು ಹಾಕುವುದು, ಬೋರ್ಡು ಹಾಕುವುದು ಪಂಚಾಯತಿನ ಮೂಲಕವೇ ಆಗಲಿ. ನಮಗೆ ನಾವೇ ಹಾಕಿದ ಕಲ್ಲಿಗೆ ಬೆಲೆ ಇಲ್ಲ, ಜಗಳ ಮಾತ್ರ ಬರುತ್ತದೆ. ಹಳೆಯ ಸರ್ವೆ ಕಲ್ಲು ಇದ್ದರೆ ಅದನ್ನು ಮುಟ್ಟಬೇಡಿ. ಸರ್ವೆ ಕಲ್ಲು ಕೀಳುವುದು ಶಿಕ್ಷೆಗೆ ಗುರಿಯಾಗುವ ತಪ್ಪು. ಬೇರೆಯವರು ಕೀಳುವುದನ್ನು ಕಂಡರೆ ವಿಲೇಜ್ ಆಫೀಸರಿಗೆ ಬರೆದು ತಿಳಿಸಿ.

ಬೋರ್ಡು ಕನ್ನಡ, ಮಲಯಾಳಂ ಎರಡರಲ್ಲೂ ಇರಲಿ. "ಕಡಲಿಗೆ ಸಾರ್ವಜನಿಕ ದಾರಿ. ಅಗಲ ಇಷ್ಟು ಮೀಟರ್. ಗ್ರಾಮಪಂಚಾಯತು." ಇಷ್ಟು ಸಾಕು. ಕೆಲವು ಕಡೆ ಉದ್ಘಾಟನೆ ಮಾಡಿದವರ ಹೆಸರು ದೊಡ್ಡದು, ದಾರಿಯ ಹೆಸರು ಸಣ್ಣದು. ನಮಗೆ ದಾರಿ ದೊಡ್ಡದಾಗಿ ಕಂಡರೆ ಒಳ್ಳೆಯದು. ತೆಂಗಿನ ಮರಕ್ಕೆ ಮೊಳೆ ಹೊಡೆಯಬೇಡಿ.

ಕಡಲ ಕಡೆಯ ತುದಿ ಮಾತ್ರ ಕಷ್ಟ. ಅಲ್ಲಿ ಕೊರೆತ ಇದೆ. ಇಂದು ಹಾಕಿದ ಕಂಬ ಮುಂದಿನ ಆಷಾಢಕ್ಕೆ ನೀರಿನಲ್ಲಿ. ಆದ್ದರಿಂದ ಕಂಬ ಮೇಲೆ, ಗಟ್ಟಿ ಜಾಗದಲ್ಲಿ ಹಾಕಬೇಕು. ಹೊಯಿಗೆಯ ದಿಬ್ಬದ ಮೇಲೆ ಅಡುಂಬು ಬಳ್ಳಿ ಹಬ್ಬಿರುತ್ತದೆ. ಅದು ಹೊಯಿಗೆಯನ್ನು ಹಿಡಿದಿಡುತ್ತದೆ. ಒಂದೇ ಕಡೆ ನಡೆಯಿರಿ, ದಿಬ್ಬದ ಮೇಲೆಲ್ಲ ಹತ್ತು ದಾರಿ ಮಾಡಬೇಡಿ. ಕೊರೆತ ತಡೆಯಲಿಕ್ಕೆ ಕಲ್ಲಿನ ತಡೆಗೋಡೆ ಕಟ್ಟುವಾಗಲೂ ಎಚ್ಚರ ಬೇಕು. ದಾರಿಯ ನೇರಕ್ಕೆ ಮೆಟ್ಟಿಲೋ, ದೋಣಿ ಎಳೆಯುವ ಜಾಗವೋ ಬಿಡಬೇಕು ಅಂತ ಕೆಲಸ ಶುರುವಾಗುವ ಮೊದಲೇ ಕೇಳಿ. ಕಟ್ಟಿದ ಮೇಲೆ ಅಷ್ಟು ದೊಡ್ಡ ಕಲ್ಲು ಸರಿಸುವವರು ಯಾರು?

ಮುಚ್ಚಿದರೆ ಏನು ಮಾಡಬೇಕು?

ರಾತ್ರಿ ಹೋಗಿ ಗೇಟು ಮುರಿಯಬೇಡಿ. ಮುರಿದರೆ ಕೇಸು ನಿಮ್ಮ ಮೇಲೆ. ಹಕ್ಕು ನಿಮ್ಮದಿದ್ದರೂ ಸ್ಟೇಷನ್ ಮೆಟ್ಟಿಲು ಹತ್ತುವುದು ನಿಮ್ಮ ಮಗ.

ಮೊದಲು ಜಾಗದವರ ಹತ್ತಿರ ಮಾತಾಡಿ. ಅವರ ಮಾತೂ ಕೇಳಿ. ತೋಟದಲ್ಲಿ ಕಸ ಹಾಕುವವರು, ಎಳನೀರು ಕದಿಯುವವರು, ಕುಡಿದು ಮಲಗುವವರು ಇದ್ದಾರೆ. ಇದು ಸುಳ್ಳು ದೂರಲ್ಲ. "ಕಸದ ಜವಾಬ್ದಾರಿ ನಮ್ಮದು, ದಾರಿಯ ಎರಡು ಬದಿಗೂ ಬೇಲಿ ಹಾಕಿ, ನಡುವೆ ನಮಗೆ ಬಿಡಿ" ಅಂದರೆ ಒಪ್ಪುವವರೂ ಇರುತ್ತಾರೆ.

ಒಪ್ಪದಿದ್ದರೆ ಗ್ರಾಮಸಭೆ. ಕೇರಳದಲ್ಲಿ ಮೂರು ತಿಂಗಳಿಗೆ ಒಮ್ಮೆಯಾದರೂ ವಾರ್ಡಿನ ಗ್ರಾಮಸಭೆ ಸೇರಬೇಕು. ಅಲ್ಲಿ ಬಾಯಿಮಾತು ಸಾಲದು. ಮಿನಿಟ್ಸ್ ಪುಸ್ತಕದಲ್ಲಿ ಬರೆಸಿ. ಬರೆದದ್ದನ್ನು ನೀವೇ ಓದಿ ನೋಡಿ. ಓದದೆ ಸಹಿ ಹಾಕಬೇಡಿ.

ಪುರಂಬೋಕು ಜಾಗ ಕಬಳಿಸಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಡಿ. 1957ರ ಕೇರಳ ಭೂಸಂರಕ್ಷಣಾ ಕಾಯಿದೆಯ ಪ್ರಕಾರ ಅದನ್ನು ತೆರವು ಮಾಡಿಸಬಹುದು. ಸಾರ್ವಜನಿಕ ದಾರಿಗೆ ಅಡ್ಡ ಹಾಕಿದ್ದರೆ ಆರ್.ಡಿ.ಒ. ಅವರಿಗೂ ದೂರು ಕೊಡಬಹುದು. ಅಡ್ಡಿ ತೆಗೆಯಿರಿ ಅಂತ ಆಜ್ಞೆ ಮಾಡುವ ಅಧಿಕಾರ ಅವರಿಗಿದೆ. ಹಿಂದೆ ಇದು ಕ್ರಿಮಿನಲ್ ಪ್ರೊಸೀಜರ್ ಕೋಡಿನ 133ನೇ ಕಲಂ. 2024ರ ಜುಲೈ 1ರಿಂದ ಅದೇ ವಿಷಯ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಲ್ಲಿದೆ. ಖಾಸಗಿ ಜಾಗದ ದಾರಿಯ ಹಕ್ಕು ಮಾತ್ರ ಸಿವಿಲ್ ಕೋರ್ಟಿನಲ್ಲೇ ತೀರ್ಮಾನ ಆಗಬೇಕು. ವಕೀಲರ ಖರ್ಚಿಗೆ ಹೆದರಬೇಡಿ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಉಚಿತ ನೆರವು ಸಿಗುತ್ತದೆ. ಹೆಂಗಸರಿಗೆ ಆದಾಯದ ಲೆಕ್ಕವೂ ಇಲ್ಲ. ಅದಕ್ಕೇ ಅರ್ಜಿಗೆ ಮೊದಲ ಸಹಿ ಒಬ್ಬ ಅಕ್ಕನದಾದರೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

"ಅರ್ಜಿ ಮಲಯಾಳದಲ್ಲಿ ಕೊಡಿ" ಅಂತ ಯಾರಾದರೂ ಹಿಂದೆ ಕಳಿಸಿದರೆ ಹಿಂದೆ ಬರಬೇಡಿ. 1969ರ ಕೇರಳ ಆಡಳಿತ ಭಾಷಾ ಕಾಯಿದೆಯಲ್ಲಿ ಕನ್ನಡ ಅಲ್ಪಸಂಖ್ಯಾತರಿಗೆ ಹಕ್ಕು ಕೊಟ್ಟಿದ್ದಾರೆ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು. ಉತ್ತರವೂ ಕನ್ನಡದಲ್ಲಿ ಬರಬೇಕು.

ಅರ್ಜಿಯ ಮಾದರಿ

ಗೆ,
ಕಾರ್ಯದರ್ಶಿಯವರು,
................ ಗ್ರಾಮಪಂಚಾಯತು.

ವಿಷಯ: ಕಡಲಿಗೆ ಹೋಗುವ ದಾರಿಯನ್ನು ಆಸ್ತಿ ರಿಜಿಸ್ಟರಿನಲ್ಲಿ ಸೇರಿಸಿ ಗುರುತು ಹಾಕುವ ಬಗ್ಗೆ.

ಮಾನ್ಯರೇ,

.......ನೇ ವಾರ್ಡಿನ ............ ಎಂಬಲ್ಲಿಂದ ಕಡಲಿಗೆ ಹೋಗುವ ದಾರಿಯಲ್ಲಿ ನಾವು ....... ವರ್ಷಗಳಿಂದ ನಡೆದು ಬಂದಿದ್ದೇವೆ. ದಾರಿಯ ಉದ್ದ ....... ಮೀಟರ್. ಅಗಲ ....... ಮೀಟರ್. ....... ಮನೆಯವರು ಇದನ್ನು ಬಳಸುತ್ತಾರೆ. ಈ ದಾರಿ ಪಂಚಾಯತಿನ ಆಸ್ತಿ ರಿಜಿಸ್ಟರಿನಲ್ಲಿ ಇದೆಯೇ ಎಂದು ತಿಳಿಸಬೇಕು. ಇಲ್ಲದಿದ್ದರೆ ಸ್ಥಳ ಪರಿಶೀಲನೆ ಮಾಡಿ ಸೇರಿಸಬೇಕು. ದಾರಿಯನ್ನು ಅಳೆಸಿ, ಗುರುತಿನ ಕಲ್ಲು ಮತ್ತು ಬೋರ್ಡು ಹಾಕಿಸಬೇಕಾಗಿ ವಿನಂತಿ.

ಇದರೊಂದಿಗೆ: ಕೈನಕ್ಷೆ, ಹಳೆಯ ಪತ್ರದ ನಕಲು, ಫೋಟೋ.

ತಾರೀಕು:                         ಸಹಿಗಳು:

ಅರ್ಜಿಯ ಎರಡು ಪ್ರತಿ ಮಾಡಿ. ಒಂದು ಕೊಟ್ಟು ರಶೀದಿ ತೆಗೆದುಕೊಳ್ಳಿ. ರಶೀದಿಯ ನಂಬರನ್ನು ಇನ್ನೊಂದು ಪ್ರತಿಯ ಮೇಲೆ ಬರೆದು ಇಡಿ. ರಶೀದಿ ಇಲ್ಲದ ಅರ್ಜಿಯನ್ನು ಕೊಟ್ಟೂ ಒಂದೇ, ಕೊಡದೆಯೂ ಒಂದೇ.

ಪದಗಳ ಅರ್ಥ

ತಡಮೆ: ಬೇಲಿ ದಾಟಲು ಮಾಡಿದ ಮೆಟ್ಟಿಲಿನಂಥ ಜಾಗ
ಪುರಂಬೋಕು: ಯಾರ ಹೆಸರಿಗೂ ಪಟ್ಟೆ ಇಲ್ಲದ ಸರಕಾರಿ ಜಾಗ
ಚಕ್ಕುಬಂದಿ: ಜಾಗದ ನಾಲ್ಕು ದಿಕ್ಕಿನ ಗಡಿ
ಆಸ್ತಿ ರಿಜಿಸ್ಟರ್: ಪಂಚಾಯತಿನ ಸ್ವತ್ತುಗಳನ್ನು ಬರೆದಿಡುವ ಪುಸ್ತಕ
ಕರಡು: ಕೊನೆಯ ತೀರ್ಮಾನಕ್ಕಿಂತ ಮೊದಲು ನೋಡಲು ಕೊಡುವ ಬರಹ

ಅಭ್ಯಾಸ

1. ಮೇಲಿನ ಚಕ್ಕುಬಂದಿಯ ಮಾದರಿ ಓದಿ. ಆ ಜಾಗದ ಯಾವ ದಿಕ್ಕಿನಲ್ಲಿ ದಾರಿ ಇದೆ? ಯಾವ ದಿಕ್ಕಿನಲ್ಲಿ ಕಡಲು ಇದೆ?

2. ದಾಕ್ಷಿಣ್ಯದ ದಾರಿಗೂ ಹಕ್ಕಿನ ದಾರಿಗೂ ವ್ಯತ್ಯಾಸ ಏನು? ಎರಡು ವಾಕ್ಯ ಬರೆಯಿರಿ.

3. ನಿಮ್ಮ ಮನೆಯ ಪತ್ರದಲ್ಲಿ ಚಕ್ಕುಬಂದಿಯ ಭಾಗ ಹುಡುಕಿ. ನಾಲ್ಕು ಗೆರೆಯನ್ನೂ ನೋಡಿ ಬರೆಯಿರಿ. ಓದಲಾಗದ ಪದ ಇದ್ದರೆ ಅಡಿಗೆರೆ ಹಾಕಿ ಕೇಂದ್ರಕ್ಕೆ ತನ್ನಿ, ಒಟ್ಟಿಗೆ ಓದುವ.

4. ಈ ವಾರ ನಿಮ್ಮ ಓಣಿಯಲ್ಲಿ ಕಡಲಿನವರೆಗೆ ನಡೆಯಿರಿ. ಎಲ್ಲಿ ಬೇಲಿ ಮುಂದೆ ಬಂದಿದೆ, ಎಲ್ಲಿ ಗೇಟು ಇದೆ, ಬೀಗ ಉಂಟಾ ಇಲ್ಲವಾ, ಎಲ್ಲಿ ಅತಿ ಕಡಿಮೆ ಅಗಲ ಇದೆ ಅಂತ ನೋಡಿ. ತಾರೀಕು ಹಾಕಿ ಪುಸ್ತಕದಲ್ಲಿ ಬರೆಯಿರಿ.